ಕೌಂಟರಮ್ಮನ ಅಡುಗೆಮನೆ ಕಿಟಕಿ

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಕೂತು ಅವಳಿಗೆ ಕೌಂಟರಮ್ಮ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಬೀದಿಯವರು ಹಾಗೆ ಕರೆಯುತ್ತಿದ್ದರು, ಕಂಡಕ್ಟರುಗಳು ಹಾಗೆ ಕರೆಯುತ್ತಿದ್ದರು, ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ಗಾಜಿನಲ್ಲಿ ಕೊರೆದ ಅರ್ಧಚಂದ್ರದಂಥ ತೂತಿನೊಳಗೆ ದಿನವಿಡೀ ಕೈಗಳು ಬರುತ್ತಿದ್ದವು. ಮುಖ ನೋಡುವುದೇ ಬೇಡ, ಕೈ ನೋಡಿದರೆ ಸಾಕು, ಇವರು ಜಗಳಕ್ಕೆ ಬಂದವರೋ ಚಿಲ್ಲರೆ ಇಲ್ಲದವರೋ ಎಂದು ಹೇಳಿಬಿಡುತ್ತಿದ್ದಳು. ಎಲ್ಲಿಗೆ ಹೋಗಬೇಕೆಂದು ತಮಗೇ ಗೊತ್ತಿಲ್ಲದೆ ಸಾಲಿನಲ್ಲಿ ನಿಂತವರ ಜೊತೆ ಏಗಿ ಏಗಿ ಅವಳಿಗೊಂದು ಗುಣ ಅಂಟಿಕೊಂಡಿತ್ತು. ಯಾರ ಜೊತೆಗೂ ಹೆಚ್ಚು ವಾದಕ್ಕೆ ಇಳಿಯುತ್ತಿರಲಿಲ್ಲ. ಅವರೇ ಸುತ್ತಿ ಸುತ್ತಿ ಸರಿಯಾದ ಊರಿನ ಹೆಸರು ಹೇಳುವವರೆಗೆ ಸುಮ್ಮನೆ ನೋಡುತ್ತ ಕೂತಿರುತ್ತಿದ್ದಳು.

ಆ ಊರಿನ ಹವೆಗೆ ಮಾತ್ರ ಸುಮ್ಮನಿರುವುದೆಂದರೆ ಏನೆಂದು ಗೊತ್ತಿರಲಿಲ್ಲ. ವರ್ಷದ ಹೆಚ್ಚು ಪಾಲು ಸುಡುಬಿಸಿಲು. ಬಿಸಿಲಿಳಿಯುವ ಹೊತ್ತಿಗೆ ಪಶ್ಚಿಮದಿಂದ ಧೂಳುಗಾಳಿ. ಮಳೆಗಾಲ ಬಂದರೆ ಮಳೆಯೂ ಅದೇ ದಿಕ್ಕಿನಿಂದ, ನೆಟ್ಟಗೆ ಬೀಳುವುದನ್ನೇ ಮರೆತ ಹಾಗೆ ಅಡ್ಡಡ್ಡ. ಇದಕ್ಕೆಲ್ಲ ಎದುರಾಗಿ ನಿಂತಿದ್ದವು ಮನೆಯ ಹಳೇ ಮರದ ಕಿಟಕಿಗಳು, ಒಂದೊಂದಕ್ಕೂ ಒಂದೊಂದು ಹಟ. ಮುಂಭಾಗದ ಹಾಲಿನ ಕಿಟಕಿ ಉಬ್ಬಿಕೊಂಡು ಮುಚ್ಚಲೊಲ್ಲದು, ಮೊಣಕಾಲು ಕೊಟ್ಟು ಒತ್ತಬೇಕು. ಅತ್ತೆಯ ಕೋಣೆಯದರ ಚಿಲಕ ಒಂದಿಷ್ಟು ಮೇಲಕ್ಕೆತ್ತಿ ಎಳೆದರೆ ಮಾತ್ರ ಬರುತ್ತದೆ. ಮಲಗುವ ಕೋಣೆಯದಕ್ಕೆ ಮಡಚಿದ ರಟ್ಟು ಸಿಕ್ಕಿಸದಿದ್ದರೆ ರಾತ್ರಿಯೆಲ್ಲ ಕಟಕಟ ಹಲ್ಲು ಕಡಿಯುತ್ತದೆ.

ಈ ಹಟಮಾರಿಗಳ ಜೊತೆ ಕೌಂಟರಮ್ಮನ ದಿನಚರಿ ನಡೆಯುತ್ತಿತ್ತು. ಬೆಳಕು ಹರಿಯುವ ಮುನ್ನ ಎಲ್ಲವನ್ನೂ ತೆರೆದು ತಂಪನ್ನು ಒಳಕ್ಕೆ ಕರೆದುಕೊಳ್ಳುವುದು. ಕೆಲಸಕ್ಕೆ ಹೊರಡುವ ಮೊದಲು, ಬಿಸಿಲು ಏರುವಷ್ಟರಲ್ಲಿ, ಎಲ್ಲವನ್ನೂ ಮುಚ್ಚಿ ಪರದೆ ಎಳೆಯುವುದು. ಸಂಜೆ ಬಂದವಳೇ ಚಪ್ಪಲಿ ಬಿಡದೆ ಧೂಳು ಅಡಗಿತೇ ಎಂದು ಆಚೆ ನೋಡಿ, ಅಡಗಿದ್ದರೆ ಮತ್ತೆ ತೆರೆಯುವುದು. ಬೇರೆಯವರು ಕೈ ಹಾಕಿದರೆ ಅವಳಿಗೆ ಸರಿಬರುತ್ತಿರಲಿಲ್ಲ ಎಂಬುದೂ ನಿಜವೇ. ಅಂತೂ ಮನೆ ತಂಪಾಗಿರುತ್ತಿತ್ತು. ತಂಪಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿತ್ತು.

"ಗೋಡೆ," ಎನ್ನುತ್ತಿದ್ದರು ಭಾವ. ಇವರು ಗಂಡನ ಅಣ್ಣ. ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಲೆ ಪಾಠ ಕೇಳುವ ಮಕ್ಕಳು ಸಿಗದೆ, ದಿನಕ್ಕೊಮ್ಮೆ ಎದುರುಮನೆಯಿಂದ ಬೀದಿ ದಾಟಿ ಬಂದು ತಮ್ಮನಿಗೇ ಪಾಠ ಹೇಳಿ ಹೋಗುತ್ತಿದ್ದರು. "ಅಪ್ಪ ಕಟ್ಟಿಸಿದ ಗೋಡೆ ಕಣೋ ಇದು. ಎಂಥ ದಪ್ಪ ನೋಡು! ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಬಂದ್ರೆ ಹೊಟ್ಟೆ ತಣ್ಣಗಾಗುತ್ತೆ."

ಗಂಡ ಗೋಡೆಯನ್ನು ಪ್ರೀತಿಯಿಂದ ತಟ್ಟುತ್ತಿದ್ದ. ಆ ಹೊತ್ತಿಗೆ ಕೌಂಟರಮ್ಮ ಅವರ ಬೆನ್ನ ಹಿಂದೆಯೇ ಕಿಟಕಿಗೆ ಮೊಣಕಾಲು ಕೊಟ್ಟು ನಿಂತಿರುತ್ತಿದ್ದಳು.

ಅಡುಗೆಮನೆಯ ಕಿಟಕಿಯ ಕತೆಯೇ ಬೇರೆ. ಅದು ಪಶ್ಚಿಮಕ್ಕಿತ್ತು. ಹಿಂದೆ ಖಾಲಿ ಸೈಟು, ಗಾಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಹೋದ ಮಳೆಗಾಲಕ್ಕೂ ಹಿಂದಿನ ಮಳೆಗಾಲದಲ್ಲಿ ಗಾಳಿ ಅದರ ಒಂದು ಕದವನ್ನು ಕೀಲು ಸಮೇತ ಕಿತ್ತುಕೊಂಡು ಹೋಗಿ, ಸೈಟಿನಲ್ಲಿ ಮೇಯುತ್ತಿದ್ದ ಯಾರದೋ ಮೇಕೆಯ ಮುಂದೆ ಇಟ್ಟಿತು. ಮೇಕೆ ಮೂಸಿ ನೋಡಿ ಮುಂದೆ ಹೋಯಿತು. ಗಂಡ ಒಂದು ಪ್ಲೈವುಡ್ ಹಲಗೆ ತಂದು ಇಡೀ ಕಿಟಕಿಗೇ ಅಡ್ಡ ಇಟ್ಟು ಮೊಳೆ ಹೊಡೆದ. "ಸದ್ಯಕ್ಕೆ," ಅಂದ. ಆ ಸದ್ಯ ಮುಗಿಯಲೇ ಇಲ್ಲ.

ಅಂದಿನಿಂದ ಅಡುಗೆಮನೆಯಲ್ಲಿ ಹಗಲಲ್ಲೂ ದೀಪ. ಒಲೆ ಹಚ್ಚಿದರೆ ಉಸಿರಾಡಲು ಹಾಲಿಗೆ ಬರಬೇಕು. ಬೆಳಗ್ಗೆ ಅವಳು ಕೌಂಟರಿಗೆ ಹೋಗಿ ಕೂತರೆ ಸಮವಸ್ತ್ರದ ಬೆನ್ನೆಲ್ಲ ಒದ್ದೆ. "ಏನಕ್ಕಾ, ಈಜಿಕೊಂಡು ಬಂದ್ರಾ?" ಎಂದು ಪಕ್ಕದ ಕೌಂಟರಿನವಳು ಕೇಳುವಳು. ಕಳೆದ ಬೇಸಿಗೆಯಲ್ಲಿ ಒಮ್ಮೆ ಪಾತ್ರೆ ತೊಳೆಯುತ್ತ ಕಣ್ಣು ಕತ್ತಲೆ ಬಂದು, ಸಿಂಕಿನ ಅಂಚು ಹಿಡಿದು ಕುಸಿದು ಕೂತಳು. ಗಂಡ ಓಡಿ ಬಂದು ನೀರು ಕುಡಿಸಿದ, ಪೇಪರಿನಿಂದ ಗಾಳಿ ಬೀಸಿದ, ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹಲಗೆಯೊಂದನ್ನು ಬಿಟ್ಟು ಬೇರೆಲ್ಲದರ ಮೇಲೂ ಅವನಿಗೆ ಅನುಮಾನ ಬಂದಿತ್ತು. ಆ ದಿನವೇ ಅವಳು ನಿಶ್ಚಯಿಸಿಕೊಂಡಳು: ಇನ್ನೊಂದು ಬೇಸಿಗೆಯನ್ನು ಈ ಹಲಗೆಗೆ ಮುಖ ಕೊಟ್ಟು ಕಳೆಯುವುದಿಲ್ಲ.

ಹಾಗಾಗಿ ಈ ಬೇಸಿಗೆ ಹಲ್ಲು ತೋರಿಸುತ್ತಿದ್ದಂತೆ ಮನೆಯ ಕಿಟಕಿಗಳನ್ನೆಲ್ಲ ಬದಲಾಯಿಸುವುದೆಂದು ಗಂಡನನ್ನು ಒಪ್ಪಿಸಿದಳು. ಒಪ್ಪಿದ ಮೇಲೆ ಅದು ಅವನ ಯೋಜನೆಯಾಯಿತು. ವಿಮಾ ಕಚೇರಿಯಲ್ಲಿ ಒಂದು ವಾರ ರಜೆ ಹಾಕಿದ, ಅಣ್ಣನನ್ನು ಕೂಡಿಕೊಂಡ, ಅಂಗಡಿಗೆ ಹೊರಟ.

"ನೀನ್ಯಾಕೆ ಬಿಸಿಲಲ್ಲಿ?" ಅಂದ ಹೆಂಡತಿಗೆ.

"ಅಡುಗೆಮನೆಯೊಳಗೆ ಇದಕ್ಕಿಂತ ಸೆಕೆಯಿದೆ," ಎಂದು ಅವಳೂ ಹೊರಟಳು.

ಅಂಗಡಿಯೊಳಗೆ ಏಸಿ. ಸುತ್ತಲೂ ಗೋಡೆಗೆ ಆನಿಸಿಟ್ಟ ಕಿಟಕಿಗಳು, ತೆರೆದರೆ ಆಚೆ ಗೋಡೆಯೇ. ಅಲ್ಲಿ ಬಿಸಿಲೂ ಇಲ್ಲ, ಧೂಳೂ ಇಲ್ಲ, ಎಲ್ಲ ಕಿಟಕಿಗಳೂ ಒಳ್ಳೆಯವೇ. ಭಾವ ಆಳೆತ್ತರದ ಒಂದೇ ಗಾಜಿನ ಮುಂದೆ ನಿಂತುಬಿಟ್ಟರು.

"ಇದು ಹಾಲಿಗೆ," ಅಂದರು. "ಬೀದಿಯಿಂದ ನೋಡಿದ್ರೆ ಬ್ಯಾಂಕಿನ ಥರ ಕಾಣ್ಬೇಕು."

"ತೆಗೆಯೋದು ಹೇಗೆ?" ಅಂದಳು ಕೌಂಟರಮ್ಮ.

"ತೆಗೆಯೋ ಹಾಗಿಲ್ಲಮ್ಮಾ. ಇದು ಫಿಕ್ಸು," ಅಂದ ಅಂಗಡಿಯವ.

"ಮತ್ತೆ ಇದನ್ನ ಕಿಟಕಿ ಅಂತ ಯಾಕೆ ಕರೀತೀರಿ?"

ಅಂಗಡಿಯವನಿಗೆ ನಗು ಬಂತು. ಭಾವನ ಮುಖ ನೋಡಿ ನುಂಗಿಕೊಂಡ. "ಅಡುಗೆಮನೆಗೆ ಏನು ಕೊಡ್ಲಿ ಸಾರ್?"

"ಅಲ್ಲಿ ಯಾರು ನೋಡ್ತಾರೆ? ಅಲ್ಲಿಗೂ ಒಂದು ಫಿಕ್ಸ್ ಗಾಜು ಕೂರಿಸಿಬಿಡಿ. ಬೆಳಕು ಬರುತ್ತೆ. ಧೂಳಿನ ಕಾಟ ಇಲ್ಲ, ಮಳೆ ಕಾಟ ಇಲ್ಲ."

"ಪಶ್ಚಿಮದ ಬಿಸಿಲಿಗೆ ತೆಗೆಯಕ್ಕೆ ಬರದ ಗಾಜು ಹಾಕಿದ್ರೆ ಒಲೆ ಕಾಟಾನೂ ಇರಲ್ಲ ಭಾವ. ಪಾತ್ರೆ ಕಿಟಕಿ ಮುಂದೆ ಇಟ್ರೆ ಸಾಕು, ತಾನೇ ಬೇಯುತ್ತೆ."

"ನೋಡಮ್ಮಾ, ಇದೆಲ್ಲ ಸ್ವಲ್ಪ ಟೆಕ್ನಿಕಲ್ಲು," ಅಂದರು ಭಾವ.

ಅಂಗಡಿಯವ ನಡುವೆ ಬಾಯಿ ಹಾಕಿ, ಒಳಕ್ಕೆ ತೆರೆಯುವ ಕಿಟಕಿ ತೋರಿಸಿದ. ಕೌಂಟರಮ್ಮ ಅದನ್ನು ತೆರೆದು, ಮೊಣಕೈಯಿಂದ ಗಾಳಿಯಲ್ಲಿ ಏನನ್ನೋ ಅಳೆದು ತಲೆಯಾಡಿಸಿದಳು. "ನಲ್ಲಿಗೆ ಹೊಡೆಯುತ್ತೆ."

"ಯಾವ ನಲ್ಲಿ?" ಅಂದ ಗಂಡ. ಹುಟ್ಟಿದಾಗಿನಿಂದ ಅವನು ಅದೇ ಮನೆಯಲ್ಲಿದ್ದ.

ಪಕ್ಕಕ್ಕೆ ಜಾರುವ ಕಿಟಕಿಯೊಂದಿತ್ತು, ನೀಲಿ ಗಾಜಿನದು. ಒಂದೇ ಬೆರಳಲ್ಲಿ ತಳ್ಳಿದರೆ ಬೆಣ್ಣೆಯ ಹಾಗೆ ಜಾರಿತು. ಅದರ ಜೊತೆ ಅವಳ ಮನಸ್ಸೂ ಜಾರಿತು. ಇದೇ ಇರಲಿ ಎಂದು ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅದು ಜಾರುವ ಹಳಿ ಕಣ್ಣಿಗೆ ಬಿತ್ತು. ಆ ಸಂದಿಯಲ್ಲಿ ತುಂಬಲಿರುವ ಧೂಳು ಕಂಡಿತು, ಮಳೆನೀರು ಸೇರಿ ಅದು ಕೆಸರಾಗುವುದು ಕಂಡಿತು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಅದನ್ನು ಕೆರೆಯುತ್ತ ಕೂತ ಕೈಯೂ ಕಂಡಿತು. ಆ ಕೈಯ ಬಳೆ ಅವಳದೇ ಆಗಿತ್ತು. ನೀಲಿ ಗಾಜಿನ ಮೇಲಿನ ಆಸೆಯನ್ನು ಅಲ್ಲೇ ಬಿಟ್ಟು ಬಂದಳು.

ಅವಳಿಗೆ ಬೇಕಾದದ್ದು ಮಾರನೆಯ ದಿನ ಸಿಕ್ಕಿತು, ಯಾವ ಅಂಗಡಿಯಲ್ಲೂ ಅಲ್ಲ, ನಿಲ್ದಾಣದ ಮಹಿಳಾ ಸಿಬ್ಬಂದಿಯ ಶೌಚಾಲಯದಲ್ಲಿ. ವರ್ಷಗಟ್ಟಲೆ ಅದರ ಕೆಳಗೆ ಕೈತೊಳೆದಿದ್ದಳು, ತಲೆಯೆತ್ತಿ ನೋಡಿರಲಿಲ್ಲ ಅಷ್ಟೆ. ಕೀಲು ಮೇಲ್ಗಡೆ. ಕೆಳಗಿನಿಂದ ಹೊರಕ್ಕೆ ತಳ್ಳಿದರೆ ಗಾಜು ಕೊಡೆಯ ಹಾಗೆ ಓರೆಯಾಗಿ ನಿಲ್ಲುತ್ತದೆ, ಎರಡು ಕಬ್ಬಿಣದ ತೋಳು ಅದನ್ನು ಹಿಡಿದುಕೊಳ್ಳುತ್ತವೆ. ಕೆಳಗಿನಿಂದ ಗಾಳಿ ಒಳಕ್ಕೆ, ಮೇಲಿನಿಂದ ಮಳೆ ಹೊರಕ್ಕೆ. ಮಸುಕು ಗಾಜು, ಬೆಳಕಿದೆ, ಕಣ್ಣು ಕುಕ್ಕುವುದಿಲ್ಲ. ಇಡೀ ನಿಲ್ದಾಣದಲ್ಲಿ ಕೆಟ್ಟ ವಾಸನೆಯಿಲ್ಲದ ಜಾಗವೆಂದರೆ ಅದೊಂದೇ ಏಕೆ ಎಂಬುದು ಅವಳಿಗೆ ಆಗ ಹೊಳೆಯಿತು. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು. ಒಳಗೆ ಬಂದ ಗುಡಿಸುವಾಕೆ, "ಏನಕ್ಕಾ, ಹುಷಾರಾಗಿದೀರಾ?" ಎಂದು ಕೇಳಿದಳು.

ಸಂಜೆ ಚಿತ್ರ ನೋಡಿ ಭಾವ ಕುರ್ಚಿಯಿಂದ ಎದ್ದೇಬಿಟ್ಟರು. "ಅಡುಗೆಮನೆಗೆ ಕಕ್ಕಸಿನ ಕಿಟಕಿಯೇ? ಅದೂ ಮಸುಕು ಗಾಜು! ಬಂದವರು ಬಾಗಿಲು ತಟ್ಟಿ, ಒಳಗೆ ಯಾರಾದ್ರೂ ಇದೀರಾ ಅಂತ ಕೇಳ್ತಾರೆ!"

"ಕೇಳ್ಲಿ. ಇದೀನಿ ಅಂತೀನಿ," ಅಂದಳು ಕೌಂಟರಮ್ಮ. "ಆ ಒಲೆ ಮುಂದೆ ಯಾರಿದಾರೆ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ."

ಗಂಡ ಅಣ್ಣನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, "ಯೋಚನೆ ಮಾಡೋಣ," ಅಂದ. ಅವನು ಯೋಚನೆ ಮಾಡೋಣ ಅಂದರೆ ಅಣ್ಣ ಹೇಳಿದ್ದೇ ಆಗುತ್ತದೆ ಎಂದರ್ಥ.

ಮರುದಿನ ಬೆಳಗ್ಗೆ ಅವಳು ಒಂದೇ ಒಂದು ಕಿಟಕಿಯನ್ನೂ ಮುಟ್ಟಲಿಲ್ಲ. ಕಾಫಿ ಲೋಟ ಗಂಡನ ಕೈಗಿಟ್ಟು ಹೇಳಿದಳು: "ಹೊಸ ಕಿಟಕಿ ಆರಿಸೋರು ನೀವು. ಹಳೇವುಗಳ ಪರಿಚಯ ಆಗ್ಲಿ. ಹೇಗೂ ರಜೆ ಇದೆ. ಈ ವಾರ ತೆಗೆಯೋದು ಹಾಕೋದು ಎಲ್ಲ ನಿಮ್ದು. ಚಾರ್ಜು ಒಪ್ಪಿಸಿದೀನಿ."

"ಅದೇನು ಮಹಾ ಕೆಲಸ?" ಅಂದ ಗಂಡ.

ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಸ್ಸು ಹತ್ತಿದಳು.

ಗಂಡ ಶ್ರದ್ಧೆಯ ಮನುಷ್ಯ. ಮಧ್ಯಾಹ್ನ ಸೆಕೆಯೆನಿಸಿದಾಗ, ಗಾಳಿಯಾಡಲಿ ಎಂದು ಎಲ್ಲ ಕಿಟಕಿಗಳನ್ನೂ ತೆರೆದ. ಬಿಸಿಲೂ ಬಿಸಿಗಾಳಿಯೂ ಕರೆಯದೆ ಬಂದ ನೆಂಟರ ಹಾಗೆ ಒಳಗೆ ಬಂದು ಕೂತವು. ಸಂಜೆ ಆ ನೆಂಟರ ಹಿಂದೆ ಧೂಳು ಬಂತು. ಅವನು ಹಾಲಿನ ಕಿಟಕಿ ಮುಚ್ಚಲು ಹೋದ, ಅದು ಮುಚ್ಚಲಿಲ್ಲ. ಎಣ್ಣೆ ಹಾಕಿದ, ಸುತ್ತಿಗೆ ತಂದ, ಸಮಾಧಾನದ ಮಾತಾಡಿದ. ಮೊಣಕಾಲಿನ ವಿಷಯ ಅವನಿಗೆ ಹೇಗೆ ಗೊತ್ತಾಗಬೇಕು? ರಾತ್ರಿ ಹೊರಗೆ ತಂಗಾಳಿ ಬೀಸುತ್ತಿದ್ದಾಗ, ಕಳ್ಳರು ಬಂದಾರು ಎಂದು ಎಲ್ಲವನ್ನೂ ಗಟ್ಟಿಯಾಗಿ ಮುಚ್ಚಿ ಮಲಗಿದ. ಮಲಗುವ ಕೋಣೆಯ ಕಿಟಕಿ ಬೆಳಗಿನವರೆಗೂ ಹಲ್ಲು ಕಡಿಯಿತು. ಮಗ್ಗುಲಲ್ಲಿ ಕೌಂಟರಮ್ಮ ರಟ್ಟಿನ ಚೂರನ್ನು ದಿಂಬಿನಡಿ ಇಟ್ಟುಕೊಂಡು ಸುಖವಾಗಿ ಎಚ್ಚರವಾಗಿದ್ದಳು.

ಕೆಲವೇ ದಿನಗಳಲ್ಲಿ ಮನೆ ಕಾದ ಬಾಣಲೆಯಾಯಿತು. ಅತ್ತೆ ತಮ್ಮ ಕೋಣೆಯಿಂದ ಕೂಗಿಕೊಂಡರು. "ಏನೇ, ನನ್ನನ್ನ ಹುರಿದು ತಿನ್ನಬೇಕು ಅಂತಿದೀರಾ ಗಂಡ ಹೆಂಡ್ತಿ?" ಕೌಂಟರಮ್ಮನಿಗೆ ಮುದುಕಿಯ ವಿಷಯಕ್ಕೆ ಮಾತ್ರ ಮನಸ್ಸು ಚುರುಕ್ ಎಂದಿತು. ಒದ್ದೆ ಬಟ್ಟೆಯಿಂದ ಅವರ ಕೈಕಾಲು ಒರೆಸಿ, ಬೀಸಣಿಗೆ ಕೊಟ್ಟಳು. ಕಿಟಕಿ ಮಾತ್ರ ಮುಟ್ಟಲಿಲ್ಲ. "ಈ ವಾರ ನಿಮ್ಮ ಮಗನ ಡ್ಯೂಟಿ ಅತ್ತೆ," ಅಂದಳು. ಅತ್ತೆ ಅವಳನ್ನೊಮ್ಮೆ ದಿಟ್ಟಿಸಿ ನೋಡಿ ಬೀಸಣಿಗೆ ಬೀಸಿಕೊಂಡರು.

ಆ ಭಾನುವಾರ ಭಾವ ಪರಿಶೀಲನೆಗೆ ಬಂದರು. ಒಳಗೆ ಕಾಲಿಟ್ಟವರೇ ಬೆವರಿದರು. ಕನ್ನಡಕ ಸರಿಮಾಡಿಕೊಂಡು ಗೋಡೆಯ ಮೇಲೆ ಅಂಗೈ ಇಟ್ಟರು, ಹೆದರಿ ತೆಗೆದರು. ಆಮೇಲೆ ಬೆರಳು ಮಡಚಿ ಗೋಡೆಯನ್ನು ಅಲ್ಲಲ್ಲಿ ಟೊಕ್ ಟೊಕ್ ಎಂದು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹಾಲಿನ ಸುತ್ತ ನಡೆದರು. ಹಿಂದೆ ಹಿಂದೆ ಗಂಡನೂ ತಟ್ಟುತ್ತ ಬಂದ.

"ಗೋಡೆ ಕೆಟ್ಟಿದೆ ಕಣೋ," ಅಂದರು ಭಾವ ಕೊನೆಗೆ, ರೋಗಿಯ ಮಂಚದಿಂದ ಎದ್ದುಬಂದ ಡಾಕ್ಟರಂತೆ. "ಮೊನ್ನೆ ಬಳಿಸಿದ್ಯಲ್ಲ, ಆ ಬಣ್ಣದಿಂದ ಆಗಿರೋದು. ಅಪ್ಪ ಕಟ್ಟಿಸಿದ ಗೋಡೆ, ಹಿಂಗಾಗ್ಬಾರ್ದಿತ್ತು."

"ಥೂ ನಿಮ್ಮ!" ಎಂಬ ಸದ್ದು ಕೇಳಿ ಇಬ್ಬರೂ ತಿರುಗಿದರು. ಅತ್ತೆ ಬೀಸಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗೋಡೆಯಂತೆ ಗೋಡೆ! ನಿಮ್ಮಪ್ಪನೂ ಹಿಂಗೇ, ಬಂದೋರ ಮುಂದೆಲ್ಲ ಗೋಡೆ ತಟ್ಟಿದ್ದೂ ತಟ್ಟಿದ್ದೇ. ಕತ್ತಲೆಗೇ ಎದ್ದು ಈ ಕಿಟಕಿ ತೆಗೀತಿದ್ದೋಳು ನಾನು. ಬಿಸಿಲು ಬರೋಕೆ ಮುಂಚೆ ಹಾಕ್ತಿದ್ದೋಳು ನಾನು. ನನ್ನ ಮಂಡಿ ಹೋಗಿದ್ದು ಯಾಕೆ ಅಂದ್ಕೊಂಡಿದೀರಿ? ಆ ಹಾಲಿನ ಕಿಟಕಿಗೆ ಒತ್ತಿ ಒತ್ತಿ! ಇವಳು ಬಂದ ಮೇಲೆ ಇವಳಿಗೆ ತೋರಿಸಿಕೊಟ್ಟೆ. ಈಗ ಇವಳ ಮಂಡಿ ಹೋಗ್ತಿದೆ. ನಿಮಗೆ ಗೋಡೆ!"

ಭಾವನ ಬೆರಳು ಇನ್ನೂ ತಟ್ಟುವ ಭಂಗಿಯಲ್ಲೇ ಇತ್ತು.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲಮ್ಮಾ?" ಅಂದ ಗಂಡ ಮೆತ್ತಗೆ.

"ಹೇಳಿದ್ದೆ ಕಣೋ. ನಿಮ್ಮಪ್ಪ, ಹೌದ್ಹೌದು, ಗೋಡೆ ಜೊತೆಗೆ ಕಿಟಕಿನೂ ಸ್ವಲ್ಪ ಇರಬಹುದು ಅಂದ್ರು. ಆಮೇಲೆ ನಾನೇ ಬಿಟ್ಟೆ." ಅತ್ತೆ ಸೊಸೆಯ ಕಡೆ ತಿರುಗಿದರು. "ಅದೇನೋ ಕಕ್ಕಸಿನ ಕಿಟಕಿ ಚಿತ್ರ ತಂದಿದ್ಯಲ್ಲ. ನಾನು ನೋಡ್ಬೇಕು."

ಭಾವ ಇಷ್ಟಕ್ಕೆ ಸೋಲುವವರಲ್ಲ. "ಅಮ್ಮಾ, ತೆರೆದಿಟ್ಟ ಕಿಟಕಿಯಿಂದ ಮಳೆ ಬರಲ್ಲ ಅಂದ್ರೆ ನಾನು ನಂಬಲ್ಲ. ಪರೀಕ್ಷೆ ಆಗ್ಬೇಕು," ಅಂದರು.

"ಆಗ್ಲಿ," ಅಂದರು ಅತ್ತೆ. "ನೀನೇ ಮಳೆ."

ಹೀಗೆ ಆ ಸಂಜೆ ನಾಲ್ವರೂ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಹೋದರು. ಗಂಡಸರು ಒಳಗೆ ಹೋಗುವಂತಿಲ್ಲದ ಜಾಗ. ಅತ್ತೆ ಸೊಸೆಯ ತೋಳು ಹಿಡಿದು ಒಳಗೆ ಹೋಗಿ, ಗುಡಿಸುವಾಕೆ ತಂದುಕೊಟ್ಟ ಸ್ಟೂಲಿನ ಮೇಲೆ ಕಿಟಕಿಯ ಕೆಳಗೇ ಕೂತರು. ಹೊರಗೆ, ಕಟ್ಟಡದ ಹಿಂದೆ, ಬಸ್ಸು ತೊಳೆಯುವ ನಲ್ಲಿಯ ಪಕ್ಕದಲ್ಲಿ, ಅಣ್ಣತಮ್ಮಂದಿರು ಒಂದೊಂದು ಬಕೆಟ್ ಹಿಡಿದು ನಿಂತರು. ಕೌಂಟರಮ್ಮ ಕಿಟಕಿಯನ್ನು ಹೊರಕ್ಕೆ ತಳ್ಳಿ ತೆರೆದಳು.

"ಹೂಂ, ಬರ್ಲಿ!" ಅಂದರು ಅತ್ತೆ ಒಳಗಿನಿಂದ.

ಒಂದು ಬಕೆಟ್ ನೀರು ಗಾಜಿಗೆ ಅಪ್ಪಳಿಸಿತು.

"ಇದೇನು ಮಳೆಯೇನೋ? ತುಂತುರು! ನಮ್ಮೂರ ಮಳೆ ಹೆಂಗೆ ಬರುತ್ತೆ ಗೊತ್ತಿಲ್ವಾ? ಅಡ್ಡ ಹೊಡಿ, ಅಡ್ಡ!"

ಇನ್ನೊಂದು ಬಕೆಟ್ ಅಡ್ಡ ಬಂತು. ಗಾಜಿಗೆ ಬಡಿದು ಹಾಗೇ ಹಿಂದಿರುಗಿ ಮಳೆಯ ಮುಖಕ್ಕೇ ಬಿತ್ತು. "ಅಯ್ಯಯ್ಯೋ!" ಎಂದದ್ದು ಭಾವನ ದನಿ.

ಆಗ ಇನ್ನೊಂದು ದನಿ ಕೇಳಿತು. "ಏಯ್! ಏನ್ರೀ ಅದು, ಹೆಂಗಸರ ಟಾಯ್ಲೆಟ್ಟಿಗೆ ನೀರು ಎರಚ್ತಿದೀರಿ? ವಯಸ್ಸಾದೋರು, ಮರ್ಯಾದೆ ಬೇಡ್ವಾ?" ನಿಲ್ದಾಣದ ಕಾವಲುಗಾರ.

"ನಾನು ಹೆಡ್‌ಮಾಸ್ಟರು!" ಅಂದರು ಭಾವ, ಕನ್ನಡಕದಿಂದ ನೀರು ಸುರಿಯುತ್ತಿರಲು.

"ಅದನ್ನ ಬೇರೆ ಹೇಳ್ಕೊಳ್ತೀರಾ?"

ಕೌಂಟರಮ್ಮ ನಗು ತಡೆಯಲಾರದೆ ಗೋಡೆಗೆ ಒರಗಿದಳು. ಆಮೇಲೆ ಕಿಟಕಿಯ ಕೆಳಸಂದಿಯಿಂದ ಕೈ ಹೊರಗೆ ಹಾಕಿ ಆಡಿಸಿ, "ನಮ್ಮವರೇ ಅಣ್ಣಾ, ಬಿಡಿ! ಟೆಸ್ಟ್ ನಡೀತಿದೆ!" ಎಂದು ಕೂಗಿದಳು. ಕೈ ನೋಡಿಯೇ ಕಾವಲುಗಾರನಿಗೆ ಯಾರೆಂದು ತಿಳಿಯಿತೋ ಏನೋ, "ಓ, ಕೌಂಟರಮ್ಮನೋರಾ," ಎಂದು ತಣ್ಣಗಾದ. ಏನು ನಡೆಯುತ್ತಿದೆ ಎಂದು ಕೇಳಿ ತಿಳಿದುಕೊಂಡ ಮೇಲೆ ಅವನೇ ಬಸ್ಸು ತೊಳೆಯುವ ಪೈಪು ತಂದು ಕೊಟ್ಟ. ಪೈಪು ಬಂದ ಮೇಲೆ ಗಂಡನಿಗೆ ಹುರುಪು ಬಂತು. ಎಡದಿಂದ, ಬಲದಿಂದ, ಮೇಲಿನಿಂದ, ಆ ಊರಿನ ಮಳೆಗೂ ಹೊಳೆಯದ ದಿಕ್ಕುಗಳಿಂದೆಲ್ಲ ಹೊಡೆದ.

ನೀರು ನಿಂತ ಮೇಲೆ ಅತ್ತೆ ಸ್ಟೂಲಿನಿಂದ ಎದ್ದು ಹೊರಗೆ ಬಂದರು. ಮಕ್ಕಳಿಬ್ಬರೂ ಕಾಲಿನಿಂದ ತಲೆಯವರೆಗೆ ತೊಯ್ದು ನಿಂತಿದ್ದರು. ಅತ್ತೆ ತಮ್ಮ ಸೆರಗಿನ ತುದಿಯನ್ನು ಬಿಡಿಸಿ ಇಬ್ಬರ ಮುಂದೆ ಹಿಡಿದರು. ಒಂದು ಹನಿಯಿಲ್ಲ.

"ಮುಟ್ಟಿ ನೋಡು," ಅಂದರು ದೊಡ್ಡ ಮಗನಿಗೆ. "ಗೋಡೆ ಮುಟ್ತೀಯಲ್ಲ, ಹಂಗೆ."

ಭಾವ ಮುಟ್ಟಿ ನೋಡಿದರು. ಒಂದೆರಡು ಸಲ ಗಂಟಲು ಸರಿಮಾಡಿಕೊಂಡು, "ಅಡುಗೆಮನೆಗೆ ಆಗಬಹುದು," ಅಂದರು.

ಮರುದಿನ ಅಂಗಡಿಯಲ್ಲಿ ಕೆಲಸ ಸುಲಭವಾಯಿತು. ಅಡುಗೆಮನೆಗೆ ಮೇಲೆ ಕೀಲಿನದು, ಮಸುಕು ಗಾಜು, ಸೊಳ್ಳೆ ಜಾಲರಿ, ಪಶ್ಚಿಮದ ಬಿಸಿಲಿಗೆ ಹೊರಗೊಂದು ತಗಡಿನ ನೆರಳು. ಮಿಕ್ಕ ಕೋಣೆಗಳಿಗೆ ಮಳೆಗೆ ಉಬ್ಬದ ಪ್ಲಾಸ್ಟಿಕ್ ಚೌಕಟ್ಟಿನವು, ಎಲ್ಲವೂ ತೆರೆಯುವಂಥವು. ಬ್ಯಾಂಕಿನ ಗಾಜನ್ನು ಭಾವ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ನೋಡಿ ಮೂಗು ಒರೆಸಿಕೊಂಡರು. ಒದ್ದೆಯಾಗಿ ಅವರಿಗೆ ನೆಗಡಿಯಾಗಿತ್ತು.

ಕೊನೆಗೆ ಅಂಗಡಿಯವ ಪೆನ್ಸಿಲ್ ಕಿವಿಯಿಂದ ತೆಗೆದು ಕೇಳಿದ: "ಹಿಡಿ ಎಷ್ಟು ಎತ್ತರಕ್ಕೆ ಇಡ್ಲಿ? ತೆಗೆಯೋದು ಹಾಕೋದು ಮಾಡೋರು ಯಾರು?"

ಗಂಡ ಅಭ್ಯಾಸಬಲದಿಂದ ಹೆಂಡತಿಯತ್ತ ಕೈ ತೋರಿಸಿದ. ಕೌಂಟರಮ್ಮ ಅವನ ಪಕ್ಕ ಹೋಗಿ ನಿಂತಳು. ಅವಳ ತಲೆ ಅವನ ಭುಜಕ್ಕೆ ಬರುತ್ತಿತ್ತು.

"ಅಡುಗೆಮನೆದು ನನ್ನ ಕೈಗೆ ಎಟುಕೋ ಹಾಗೆ ಇಡಿ," ಅಂದಳು. "ಮಿಕ್ಕಿದ್ದೆಲ್ಲ ಇವರ ಎತ್ತರಕ್ಕೆ. ಎಲ್ಲಕ್ಕಿಂತ ಮೇಲೆ, ನಾನು ಹಾರಿದ್ರೂ ಸಿಗಬಾರದು."

"ಏಯ್, ಅದ್ಯಾಕೆ?" ಅಂದ ಗಂಡ.

"ನಿಮಗೆ ಮಂಡಿ ಚೆನ್ನಾಗಿದೆ."

ಅಂಗಡಿಯವ ಗಂಡನ ಮುಖ ನೋಡಿದ. ಗಂಡ ಅಣ್ಣನ ಮುಖ ನೋಡಿದ. ಅಣ್ಣ ಸೀನಿದರು. ಬೇರೆ ಯಾವ ಸಲಹೆಯೂ ಅಲ್ಲಿಂದ ಬರಲಿಲ್ಲವಾಗಿ ಗಂಡ ಕೈ ಮೇಲಕ್ಕೆತ್ತಿ, ಗೋಡೆಗೆ ಆನಿಸಿದ ಚೌಕಟ್ಟಿನ ಮೇಲೆ ಒಂದು ಜಾಗ ಮುಟ್ಟಿ ತೋರಿಸಿದ. ಅಂಗಡಿಯವ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ.

"ಇನ್ನೂ ಸ್ವಲ್ಪ ಮೇಲೆ," ಅಂದಳು ಕೌಂಟರಮ್ಮ.

ಹೊಸ ಕಿಟಕಿಗಳು ಬಂದದ್ದು ಬೇಸಿಗೆ ನೆತ್ತಿಗೇರಿದಾಗ. ಈಗ ಬೆಳಕು ಹರಿಯುವ ಮುನ್ನ ಅತ್ತೆ ತಮ್ಮ ಹಾಸಿಗೆಯಿಂದಲೇ ಮಗನನ್ನು ಕೂಗುತ್ತಾರೆ. ಅವನು ಗೊಣಗುತ್ತ ಎದ್ದು, ಮೊದಮೊದಲು ಹಾಲಿನದನ್ನು ಮರೆತು, ಬೈಸಿಕೊಂಡು, ಒಂದೊಂದೇ ಕೋಣೆಗೆ ಹೋಗಿ ತೆರೆಯುತ್ತಾನೆ. ಅಡುಗೆಮನೆಯಲ್ಲಿ ಕೌಂಟರಮ್ಮ ಒಲೆ ಹಚ್ಚಿ, ನಲ್ಲಿಯ ಮೇಲಿಂದ ಕೈ ಚಾಚಿ ಗಾಜನ್ನು ಹೊರಕ್ಕೆ ತಳ್ಳುತ್ತಾಳೆ. ಕೆಳಗಿನಿಂದ ಗಾಳಿ ಬಂದು ಅವಳ ಕುತ್ತಿಗೆಯನ್ನು ಮುಟ್ಟುತ್ತದೆ. ಸಮವಸ್ತ್ರದ ಬೆನ್ನು ಒಣಗಿಯೇ ಇರುತ್ತದೆ. ಬಿಸಿಲು ಏರುವ ಹೊತ್ತಿಗೆ ಹಾಲಿನಿಂದ ಗಂಡನ ದನಿ: "ಲೇ, ಈಗ ತೆಗೀಬೇಕೋ ಹಾಕ್ಬೇಕೋ?"

"ಹೊರಗೆ ಕೈ ಚಾಚಿ ನೋಡಿ," ಎನ್ನುತ್ತಾಳೆ ಅವಳು, ತಿರುಗದೆ.